ಮಲೆನಾಡಿನ ಏರು-ಇಳಿಜಾರಲ್ಲಿ ಬ್ರೇಕು, ಗೇರು: ನನ್ನ ಅನುಭವ

ನಮ್ಮ ಕಡೆ ಹೊಸದಾಗಿ ಬೈಕ್ ಕಲಿಯೋರಿಗೆ ಎಲ್ಲರೂ ಮೊದ್ಲು ಹೇಳೋ ಮಾತು ಒಂದೇ, "ಮುಂದಿನ ಬ್ರೇಕ್ ಮುಟ್ಬೇಡ, ಪಲ್ಟಿ ಹೊಡೀತೀಯ". ತೀರ್ಥಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಯಾರನ್ನ ಕೇಳಿದ್ರೂ ಇದೇ ಹೇಳ್ತಾರೆ, ಪ್ರೀತಿಯಿಂದಾನೇ ಹೇಳ್ತಾರೆ, ಆದ್ರೆ ಈ ಮಾತು ನಂಬ್ಕೊಂಡು ಬರೀ ಕಾಲಿನ, ಅಂದ್ರೆ ಹಿಂದಿನ ಚಕ್ರದ ಬ್ರೇಕಲ್ಲೇ ವರ್ಷಗಟ್ಟಲೆ ಗಾಡಿ ಓಡಿಸೋರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಭಯ ಆಗುತ್ತೆ. ಅದಕ್ಕೇ ಇದನ್ನ ಬರೀತಿದೀನಿ.

ನಾನು ಗೇರ್ ಬೈಕ್ ಕಲಿತಿದ್ದು ಮದ್ವೆಯಾಗಿ, ಮಗ ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ಮೇಲೆ. ಸ್ಕೂಟಿ ಮೊದ್ಲಿಂದ ಓಡಿಸ್ತಿದ್ದೆ, ಆದ್ರೆ ನಮ್ಮ ಮನೆ ಇರೋದು ಮೇಗರವಳ್ಳಿ ಹತ್ರ ಮೇನ್ ರೋಡಿಂದ ಒಳಗೆ, ತೋಟದ ಪಕ್ಕದ ಇಳಿಜಾರು ದಾರಿ, ಮಳೆಗಾಲ ಬಂತಂದ್ರೆ ಕೆಮ್ಮಣ್ಣಿನ ಕೆಸರು, ಸ್ಕೂಟಿಯ ಸಣ್ಣ ಚಕ್ರ ಅಲ್ಲಿ ಹೂತೇ ಹೋಗುತ್ತೆ. ಹಂಗಾಗಿ ಮನೇಲಿದ್ದ ಸ್ಪ್ಲೆಂಡರ್ ಕಲೀತೀನಿ ಅಂದೆ. ಕಲಿಸಿದ್ದು ನಮ್ಮ ಮಾವ, ಅಂದ್ರೆ ಗಂಡನ ತಂದೆ. ಹಳೇ ಬುಲೆಟ್ಟಲ್ಲಿ ಆಗುಂಬೆ ಘಾಟಿ ಹತ್ತಿ ಇಳಿದು ಕೈ ಪಳಗಿದ ಮನುಷ್ಯ.

ಮಾವ ನನ್ನನ್ನ ಬೈಕ್ ಹತ್ತೋಕೇ ಬಿಡ್ಲಿಲ್ಲ ಮೊದ್ಲು. ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿಗೆ ಹಾಕಿ, ಪಕ್ಕದಲ್ಲಿ ನಿಂತ್ಕೊಂಡು ಅಂಗಳದಲ್ಲಿ ಗಾಡಿ ತಳ್ಳು ಅಂದ್ರು, ತಳ್ತಾ ತಳ್ತಾ ಮುಂದಿನ ಬ್ರೇಕ್ ಹಿಡಿ ಅಂದ್ರು. ಹಿಡಿದ ತಕ್ಷಣ ಮುಂದಿನ ಫೋರ್ಕ್ ಪೈಪ್ ಎರಡೂ ಕೆಳಗೆ ಕುಸಿದು, ಗಾಡಿ ತಲೆ ಬಗ್ಗಿಸಿ ಅಲ್ಲೇ ನಿಂತ್ಕೊಳ್ತು. ಆಮೇಲೆ ಹಿಂದಿನ ಬ್ರೇಕ್ ಒತ್ತಿ ನೋಡು ಅಂದ್ರು, ನಿಲ್ತು, ಆದ್ರೆ ಆ ಗಟ್ಟಿ ಹಿಡಿತ ಇಲ್ಲ. ಗಾಡಿ ನಿಲ್ಲೋವಾಗ ಭಾರ ಎಲ್ಲಾ ಮುಂದಕ್ಕೆ ಬರುತ್ತೆ, ಮುಂದಿನ ಟೈರು ರಸ್ತೆಗೆ ಒತ್ಕೊಳ್ಳುತ್ತೆ, ಹಿಂದಿನ ಟೈರು ಹಗುರ ಆಗುತ್ತೆ. ಹಗುರ ಆದ ಟೈರಿಗೆ ಜೋರಾಗಿ ಬ್ರೇಕ್ ಹಾಕಿದ್ರೆ ಅದು ಲಾಕ್ ಆಗಿ ಪಕ್ಕಕ್ಕೆ ಎಳೆಯುತ್ತೆ. ಅದಕ್ಕೇ ಒಣ ಟಾರ್ ರಸ್ತೇಲಿ ಗಾಡಿ ನಿಲ್ಲಿಸೋ ಶಕ್ತಿ ಬಹುಪಾಲು ಮುಂದಿನ ಬ್ರೇಕಿಂದಾನೇ ಸಿಗೋದು. ಅಂಗಳದಲ್ಲಿ ಹಿಂಗೆ ತಳ್ಳಿ ನೋಡಿದ್ರೆ ಯಾರಿಗಾದ್ರೂ ಐದು ನಿಮಿಷದಲ್ಲಿ ಅರ್ಥ ಆಗುತ್ತೆ, ದಯವಿಟ್ಟು ಮಾಡಿ ನೋಡಿ.

ಹಂಗಂತ ಲಬಕ್ ಅಂತ ಹಿಡಿಯೋದಲ್ಲ. ಪಲ್ಟಿ ಹೊಡೆಯೋದು, ಮುಂದಿನ ಚಕ್ರ ಜಾರೋದು ಆಗೋದೇ ಗಾಬರಿಲಿ ಒಂದೇ ಸಲ ಲಿವರ್ ಅಮುಕಿದಾಗ. ನಾವು ಹಸು ಕರೆಯೋವಾಗ ಹೆಂಗೆ ಬೆರಳು ಮೊದ್ಲು ಮೆತ್ತಗೆ ಹಿಡಿದು ಆಮೇಲೆ ಒತ್ತಡ ಏರಿಸ್ತೀವೋ ಹಂಗೆ ಹಿಡೀಬೇಕು. ಲಿವರ್ ಸಡಿಲ ಹೋಗೋವರೆಗೂ ಮೆಲ್ಲಗೆ, ಕಚ್ಚಿಕೊಂಡ ಮೇಲೆ ಫೋರ್ಕ್ ಇಳಿಯೋಕೆ ಒಂದು ಕ್ಷಣ ಬಿಟ್ಟು, ಆಮೇಲೆ ಗಟ್ಟಿಯಾಗಿ ಏರಿಸ್ತಾ ಹೋಗ್ಬೇಕು. ಜೊತೆಗೆ ಕಾಲಿನ ಬ್ರೇಕ್ ಹಗುರವಾಗಿ. ಒಣ ರಸ್ತೇಲಿ ನೆಟ್ಟಗೆ ಹೋಗೋವಾಗ ಎರಡೂ ಒಟ್ಟಿಗೆ, ಯಾವಾಗ್ಲೂ. ಕೊಯ್ಲಾದ ಮೇಲೆ ಗದ್ದೆ ಒಣಗಿ ಗಟ್ಟಿಯಾಗಿರುತ್ತಲ್ಲ, ಗಾಡಿ ಕಂಟ್ರೋಲ್ ಬರೋವರೆಗೂ ಅಲ್ಲಿ ಓಡಿಸಿದೆ. ಆಮೇಲೆ ಬೆಳಗ್ಗೆ ಬೇಗ ಖಾಲಿ ಟಾರ್ ರಸ್ತೇಲಿ ಮೊದ್ಲು 20ರ ಸ್ಪೀಡಲ್ಲಿ, ಆಮೇಲೆ 30, ಆಮೇಲೆ 40ರಲ್ಲಿ ನಿಲ್ಲಿಸೋದನ್ನೇ ಪ್ರಾಕ್ಟೀಸ್ ಮಾಡಿದೆ, ಬೇರೆ ಏನೂ ಇಲ್ಲ, ಬರೀ ನಿಲ್ಲಿಸೋದು. 40ರಲ್ಲಿ ಹೋಗ್ತಿದ್ರೆ ಸೆಕೆಂಡಿಗೆ 11 ಮೀಟರ್ ಹೋಗ್ತಿರ್ತೀವಿ, ಅಂದ್ರೆ ಎದುರಿಗೆ ದನ ಕಂಡು ಕೈ ಬ್ರೇಕಿಗೆ ಹೋಗೋ ಒಂದು ಸೆಕೆಂಡಲ್ಲೇ 11 ಮೀಟರ್ ಕಳೆದುಹೋಗಿರುತ್ತೆ. ಸ್ಪೀಡ್ ಡಬಲ್ ಆದ್ರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋಕೆ ಬೇಕಾಗೋ ದೂರ ನಾಲ್ಕು ಪಟ್ಟು. ಇದನ್ನ ಕೇಳೋದು ಬೇರೆ, ರಸ್ತೆ ಮೇಲೆ ಕಲ್ಲಿಟ್ಟು ಗುರುತು ಮಾಡಿ 20ಕ್ಕೆ ಎಲ್ಲಿ ನಿಂತೆ 40ಕ್ಕೆ ಎಲ್ಲಿ ನಿಂತೆ ಅಂತ ಕಣ್ಣಾರೆ ನೋಡೋದೇ ಬೇರೆ.

ಆದ್ರೆ ಮಲೆನಾಡಲ್ಲಿ ಒಣ ಟಾರು ಸಿಗೋದೆಷ್ಟು ದಿನ ಮಾರಾಯ್ರೆ. ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತೆ, ಜೂನಿಂದ ಸೆಪ್ಟೆಂಬರ್ ತನಕ ರಸ್ತೆ ಅಂಚಲ್ಲಿ ಪಾಚಿ, ಮರದಡಿ ಕೊಳೆತ ಎಲೆ, ತೋಟದ ದಾರಿ ಸೇರೋ ಕಡೆ ಟ್ರ್ಯಾಕ್ಟರ್ ಚಕ್ರದಿಂದ ಬಂದ ಕೆಮ್ಮಣ್ಣು. ಇಂಥ ಕಡೆ ಮುಂದಿನ ಬ್ರೇಕ್ ಬರೀ ಎರಡು ಬೆರಳಲ್ಲಿ, ಮುಟ್ಟಿಯೂ ಮುಟ್ಟದ ಹಂಗೆ, ಕೆಲಸ ಜಾಸ್ತಿ ಹಿಂದಿನದಕ್ಕೆ, ಅದಕ್ಕಿಂತ ಜಾಸ್ತಿ ಗೇರಿಗೆ. ಹಿಂದಿನ ಚಕ್ರ ಸ್ವಲ್ಪ ಜಾರಿದ್ರೂ ಸುಧಾರಿಸ್ಕೋಬಹುದು, ಮುಂದಿನದು ಜಾರಿದ್ರೆ ಕಷ್ಟ. ಗಾಡಿ ವಾಲಿಸಿ ತಿರುವಲ್ಲಿ ಇರೋವಾಗ್ಲೂ ಅಷ್ಟೇ, ಬ್ರೇಕ್ ಕೆಲಸ ತಿರುವಿಗೆ ಮೊದ್ಲೇ ನೆಟ್ಟಗಿರೋವಾಗಲೇ ಮುಗಿಸ್ಬೇಕು.

ಈಗ ಕ್ಲಚ್ಚು, ಅಂದ್ರೆ ಎಂಜಿನ್ ಶಕ್ತಿಯನ್ನ ಚಕ್ರಕ್ಕೆ ಸೇರಿಸೋ, ಬಿಡಿಸೋ ಎಡಗೈ ಲಿವರ್. ಸ್ಕೂಟಿ ಓಡಿಸಿದವರಿಗೆ ಇದೇ ಹೊಸದು. ಸಮತಟ್ಟು ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ರೈಸ್ ಕೊಡದೇನೆ, ಕ್ಲಚ್ ಲಿವರ್ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡ್ತಾ ಬಂದ್ರೆ ಒಂದು ಜಾಗದಲ್ಲಿ ಎಂಜಿನ್ ಸೌಂಡ್ ತಗ್ಗಿ ಗಾಡಿ ತೆವಳೋಕೆ ಶುರು ಮಾಡುತ್ತೆ. ಆ ಜಾಗವೇ ಎಲ್ಲಾ. ಅಲ್ಲಿ ಕೈ ನಿಲ್ಲಿಸೋಕೆ ಬಂದ್ರೆ ಅರ್ಧ ಬೈಕ್ ಕಲಿತಂಗೆ. ಲೈಸೆನ್ಸ್ ಟೆಸ್ಟಲ್ಲಿ ಎಂಟು ಹೊಡೆಸ್ತಾರಲ್ಲ, ಅದೂ ಪೂರ್ತಿ ಈ ಹಾಫ್ ಕ್ಲಚ್ ಮತ್ತು ಹಿಂದಿನ ಬ್ರೇಕಿನ ಆಟನೇ, ಮುಂದಿನ ಬ್ರೇಕ್ ಅಲ್ಲಿ ಮುಟ್ಟಬಾರದು, ಹ್ಯಾಂಡಲ್ ತಿರುಗಿಸಿ ನಿಧಾನ ಹೋಗೋವಾಗ ಮುಂದಿನದು ಹಿಡಿದ್ರೆ ಗಾಡಿ ಪಕ್ಕಕ್ಕೆ ಮಲಗುತ್ತೆ.

ನಮ್ಮ ಮನೆ ದಾರಿಯ ಏರಲ್ಲಿ ನಿಂತು ಮತ್ತೆ ಹೊರಡೋದು ಅತಿ ಕಷ್ಟದ ಪಾಠ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಏರಲ್ಲಿ ಭಾರ ಹಿಂದಿನ ಚಕ್ರದ ಮೇಲೆ ಇರುತ್ತೆ, ಹಂಗಾಗಿ ಕಲ್ಲುಮಣ್ಣಲ್ಲಿ ಬರೀ ಮುಂದಿನ ಬ್ರೇಕ್ ಹಿಡ್ಕೊಂಡ್ರೆ ಚಕ್ರ ಲಾಕ್ ಆಗೇ ಗಾಡಿ ಹಿಂದಕ್ಕೆ ಜಾರುತ್ತೆ. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ, ಫಸ್ಟ್ ಗೇರಲ್ಲಿ. ಬಲಗಾಲಲ್ಲಿ ಬ್ರೇಕ್ ಹಿಡಿದೇ ಇಟ್ಕೊಂಡು ಸ್ವಲ್ಪ ರೈಸ್ ಕೊಡಿ, ಕ್ಲಚ್ಚನ್ನ ಕಚ್ಚೋ ಜಾಗಕ್ಕೆ ತನ್ನಿ, ಎಂಜಿನ್ ಸೌಂಡ್ ತಗ್ಗಿ ಗಾಡಿ ಹಿಂಭಾಗ ಒಂಚೂರು ಕೂತಂಗೆ ಆಗುತ್ತೆ, ಆಗ ಬ್ರೇಕ್ ಬಿಡಿ, ಗಾಡಿ ಹಿಂದೆ ಒಂದು ಇಂಚೂ ಹೋಗಲ್ಲ. ಬ್ರೇಕ್ ಬೇಗ ಬಿಟ್ರೆ ಹಿಂದಕ್ಕೆ ಉರುಳುತ್ತೆ, ಕ್ಲಚ್ ಬೇಗ ಬಿಟ್ರೆ ಆಫ್ ಆಗುತ್ತೆ. ಹಾಫ್ ಕ್ಲಚ್ಚಲ್ಲೇ ಏರು ಪೂರ್ತಿ ಹತ್ತಬೇಡಿ, ಪ್ಲೇಟ್ ಸುಟ್ಟು ಹೋಗುತ್ತೆ, ಹೊರಟ ಮೇಲೆ ಕೈ ಪೂರ್ತಿ ಬಿಟ್ಬಿಡಿ.

ಗೇರ್ ಪ್ಯಾಟರ್ನ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಒಂದೇ ಮನೇಲಿ ಎರಡು ಮೂರು ತರದ ಗಾಡಿ ಇರುತ್ತೆ. ಸ್ಪ್ಲೆಂಡರಲ್ಲಿ ನ್ಯೂಟ್ರಲಿಂದ ನಾಲ್ಕೂ ಗೇರ್ ಮುಂಗಾಲಲ್ಲಿ ಕೆಳಕ್ಕೆ ಒತ್ತೋದು, ಇಳಿಸೋಕೆ ಹಿಮ್ಮಡಿಯಲ್ಲಿ ಒತ್ತೋದು. 150 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ ಫಸ್ಟ್ ಮಾತ್ರ ಕೆಳಕ್ಕೆ, ಮಧ್ಯ ನ್ಯೂಟ್ರಲ್, ಮಿಕ್ಕಿದ್ದೆಲ್ಲಾ ಮೇಲಕ್ಕೆ. ಮಾವನ ಹಳೇ ಬುಲೆಟ್ಟಲ್ಲಂತೂ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ, ಫಸ್ಟ್ ಮೇಲಕ್ಕೆ ಮಿಕ್ಕಿದ್ದು ಕೆಳಕ್ಕೆ. ಸ್ಪ್ಲೆಂಡರ್ ಅಭ್ಯಾಸದ ಕಾಲು 150ರ ಮೇಲೆ ಕೂತು ಓಡೋವಾಗ ಮುಂದಿನ ಗೇರ್ ಅಂತ ಕೆಳಕ್ಕೆ ಒತ್ತಿದ್ರೆ ಗೇರ್ ಇಳಿದು ಹಿಂದಿನ ಚಕ್ರ ಕಿರ್ರ್ ಅಂತ ಹಿಡ್ಕೊಳ್ಳುತ್ತೆ, ಮಳೇಲಿ ಇದು ಬೀಳಿಸುತ್ತೆ. ಬೇರೆಯವರ ಗಾಡಿ ತಗೊಂಡ್ರೆ ಸ್ಟ್ಯಾಂಡ್ ಹಾಕಿ ಒಂದು ಸಲ ಎಲ್ಲಾ ಗೇರ್ ಹಾಕಿ ನೋಡಿ ಆಮೇಲೆ ಹೊರಡಿ. ಯಾವ ಸ್ಪೀಡಿಗೆ ಯಾವ ಗೇರ್ ಅಂತ ಮೀಟರ್ ನೋಡೋದು ಬೇಡ, ಎಂಜಿನ್ ಕಿರುಚಿದ್ರೆ ಏರಿಸಿ, ಕುಟ್ಟಿದ್ರೆ ಇಳಿಸಿ.

ಇಳಿಜಾರಿಗೆ ಬರ್ತೀನಿ, ಇದೇ ನಂಗೆ ಮುಖ್ಯ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯೋ ಘಾಟಿಲಿ 14 ಹೇರ್‌ಪಿನ್ ತಿರುವು. ಅಲ್ಲಿ ಪೆಟ್ರೋಲ್ ಉಳಿಸ್ತೀನಿ ಅಂತ ಎಂಜಿನ್ ಆಫ್ ಮಾಡಿ ನ್ಯೂಟ್ರಲಲ್ಲಿ ಇಳಿಯೋರಿದಾರೆ, ಕೈ ಮುಗಿದು ಕೇಳ್ತೀನಿ, ಮಾಡ್ಬೇಡಿ. ಮಾವ ಹೇಳಿಕೊಟ್ಟ ಲೆಕ್ಕ ಸರಳ, ಯಾವ ಗೇರಲ್ಲಿ ಆ ಘಾಟಿ ಹತ್ತೀರೋ ಅದೇ ಗೇರಲ್ಲಿ ಇಳೀರಿ. ರೈಸ್ ಪೂರ್ತಿ ಬಿಟ್ಟಾಗ ಎಂಜಿನ್ನೇ ಹಿಂದಿನ ಚಕ್ರವನ್ನ ಹಿಡ್ಕೊಂಡು ಎಳೆಯುತ್ತೆ, ಸೆಕೆಂಡ್ ಗೇರಲ್ಲಿ ಗಾಡಿ ತಾನಾಗೇ ಓಟ ಹತ್ತಲ್ಲ, ಬ್ರೇಕಿಗೆ ಬರೀ ತಿರುವಿನ ಮುಂಚಿನ ಕೆಲಸ ಉಳಿಯುತ್ತೆ. ತಿರುವು ಕಾಣ್ತಿದ್ದಂಗೇ ನೆಟ್ಟಗೆ ಇರೋವಾಗಲೇ ಎರಡೂ ಬ್ರೇಕಲ್ಲಿ ಸ್ಪೀಡ್ ಇಳಿಸಿ, ಕ್ಲಚ್ ಹಿಡಿದು ಒಂದೇ ಒಂದು ಗೇರ್ ಇಳಿಸಿ, ಬೇಕಿದ್ರೆ ಸಣ್ಣದಾಗಿ ಒಂದು ರೈಸ್ ಕೊಟ್ಟು, ಕ್ಲಚ್ ನಿಧಾನಕ್ಕೆ ಬಿಡಿ. ದಬಕ್ಕನೆ ಬಿಟ್ರೆ ಒದ್ದೆ ರಸ್ತೇಲಿ ಹಿಂದಿನ ಚಕ್ರ ಕುಪ್ಪಳಿಸುತ್ತೆ. ಮೂರರಿಂದ ಸೀದಾ ಒಂದಕ್ಕೆ ಇಳಿಸೋದೂ ಬೇಡ. ತಿರುವು ಮುಗಿಯೋವರೆಗೂ ಕ್ಲಚ್ ಹಿಡ್ಕೊಂಡು ಉರುಳಿಸ್ಕೊಂಡು ಹೋಗೋದಂತೂ ನ್ಯೂಟ್ರಲಿಗೆ ಸಮ, ಎಂಜಿನ್ ಹಿಡಿತ ಹೋಯ್ತು. ಆರ್‌ಎಕ್ಸ್ 100 ತರದ ಟೂ ಸ್ಟ್ರೋಕ್ ಗಾಡಿಗಳಲ್ಲಿ ಈ ಎಂಜಿನ್ ಹಿಡಿತ ತೀರಾ ಕಮ್ಮಿ, ಸ್ಕೂಟಿಲೂ ಕಮ್ಮಿ, ಅವುಗಳಲ್ಲಿ ಇಳಿಯೋರು ಮೊದ್ಲಿಂದಾನೇ ನಿಧಾನ ಇರ್ಬೇಕು.

ಘಾಟಿ ಪೂರ್ತಿ ಬ್ರೇಕ್ ಒತ್ಕೊಂಡೇ ಇಳಿದ್ರೆ ಬ್ರೇಕ್ ಡ್ರಮ್ ಕಾದು ಒಳಗಿನ ಲೈನಿಂಗ್, ಅಂದ್ರೆ ಉಜ್ಜಿ ಹಿಡಿಯೋ ಪಟ್ಟಿ, ಹಿಡಿಯೋದು ಬಿಡುತ್ತೆ, ಸುಟ್ಟ ವಾಸನೆ ಬರುತ್ತೆ, ಲಿವರ್ ಹ್ಯಾಂಡಲ್ ಹತ್ರ ಬಂದ್ರೂ ಗಾಡಿ ನಿಲ್ಲಲ್ಲ. ಡಿಸ್ಕಲ್ಲಾದ್ರೆ ಹಳೇ ಆಯಿಲ್ ಕುದ್ದು ಲಿವರ್ ಮೆತ್ತಗಾಗುತ್ತೆ. ವಾಸನೆ ಬಂದ ಕೂಡ್ಲೇ ಗೇರ್ ಇಳಿಸಿ, ಅಗಲ ಇರೋ ಕಡೆ ನಿಲ್ಲಿಸಿ, ತಾನಾಗೇ ಆರೋಕೆ ಬಿಡಿ, ಕಾದಿದ್ದರ ಮೇಲೆ ನೀರು ಹಾಕ್ಬೇಡಿ. ಮಳೇಲಿ ಇದರ ಉಲ್ಟಾ, ಹಳ್ಳದ ನೀರು ದಾಟಿದ ಮೇಲೆ ಡ್ರಮ್ ಒಳಗೆ ನೀರು ಹೋಗಿ ಬ್ರೇಕ್ ಹಿಡಿಯೋದೇ ಇಲ್ಲ, ದಾಟಿದ ತಕ್ಷಣ ಸ್ವಲ್ಪ ದೂರ ಬ್ರೇಕ್ ಹಗುರವಾಗಿ ಒತ್ಕೊಂಡೇ ನಿಧಾನ ಓಡಿಸಿ, ಒಣಗುತ್ತೆ. ಮತ್ತೆ ಏರು ಹತ್ತಿ ಬರೋ ಗಾಡಿಗೇ ಮೊದ್ಲು ದಾರಿ ಬಿಡ್ಬೇಕು, ಕಾನೂನೂ ಅದೇ. ಹೇರ್‌ಪಿನ್ನಲ್ಲಿ ಬಸ್ಸು ಬಂದ್ರೆ ಅದಕ್ಕೆ ರಸ್ತೆ ಪೂರ್ತಿ ಬೇಕು, ನಾವು ಮೇಲೇ ನಿಂತು ಕಾಯ್ಬೇಕು.

ಹೊಸ ಗಾಡಿ ತಗೊಳ್ಳೋರಿಗೆ: 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕಿಗೆ ಎಬಿಎಸ್, ಅಂದ್ರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ, ಕಡ್ಡಾಯ ಮಾಡಿದ್ರು, 125 ಮತ್ತು ಅದಕ್ಕಿಂತ ಸಣ್ಣದಕ್ಕೆ ಸಿಬಿಎಸ್ ಆದ್ರೂ ಇರ್ಬೇಕು ಅಂತ ಮಾಡಿದ್ರು, ಸಿಬಿಎಸ್ ಅಂದ್ರೆ ಕಾಲಿನ ಬ್ರೇಕ್ ಒತ್ತಿದ್ರೆ ಮುಂದಿನದೂ ಸ್ವಲ್ಪ ಹಿಡಿಯುತ್ತೆ. ಎಬಿಎಸ್ ಇದ್ದಾಗ ಜೋರಾಗಿ ಹಿಡಿದ್ರೆ ಲಿವರ್ ಕೈಯಲ್ಲಿ ದಡದಡ ಅನ್ನುತ್ತೆ, ಹೆದರಿ ಬಿಡ್ಬೇಡಿ, ಅದು ಕೆಲಸ ಮಾಡ್ತಿರೋದು, ಹಿಡಿದೇ ಇಡಿ. ಸಿಂಗಲ್ ಚಾನೆಲ್ ಆದ್ರೆ ಮುಂದಿನದಕ್ಕೆ ಮಾತ್ರ, ಹಿಂದಿನ ಚಕ್ರ ಲಾಕ್ ಆಗಬಹುದು ಅನ್ನೋದು ನೆನಪಿರಲಿ. ಕೆಮ್ಮಣ್ಣಿನ ಇಳಿಜಾರಲ್ಲಿ ಎಬಿಎಸ್ ಇದ್ರೆ ಗಾಡಿ ಇನ್ನೂ ದೂರ ಹೋಗಿ ನಿಲ್ಲುತ್ತೆ, ಅಲ್ಲಿ ಫಸ್ಟ್ ಗೇರೇ ಗತಿ.

ಮಳೆಗಾಲಕ್ಕೆ ಮುಂಚೆ ನಾನೇ ನೋಡ್ಕೊಳ್ಳೋದು ಇಷ್ಟು. ಹಿಂದಿನ ಬ್ರೇಕ್ ಪೆಡಲ್ 20ರಿಂದ 30 ಮಿಲಿಮೀಟರ್ ಸಡಿಲ ಹೋಗಿ ಹಿಡೀಬೇಕು, ಜಾಸ್ತಿಯಾದ್ರೆ ರಾಡ್ ತುದಿಯ ನಟ್ ತಿರುಗಿಸಿ ಬಿಗಿ ಮಾಡ್ತೀನಿ, ಬ್ರೇಕ್ ಒತ್ತಿದಾಗ ಡ್ರಮ್ ಪ್ಲೇಟ್ ಮೇಲಿನ ಬಾಣದ ಗುರುತು ಕೊನೆ ಗೆರೆಗೆ ಬಂದಿದ್ರೆ ಲೈನಿಂಗ್ ಚೇಂಜ್. ಡಿಸ್ಕ್ ಇದ್ದೋರು ಬ್ರೇಕ್ ಆಯಿಲ್ ಎರಡು ವರ್ಷಕ್ಕೊಂದ್ಸಲ ಬದಲಿಸಿ, ಅದು ಗಾಳಿಯ ತೇವ ಹೀರ್ಕೊಳ್ಳುತ್ತೆ, ನಮ್ಮ ಊರಲ್ಲಿ ತೇವಕ್ಕೇನು ಬರ. ಕ್ಲಚ್ ಲಿವರ್ ತುದಿ 10ರಿಂದ 20 ಮಿಲಿಮೀಟರ್ ಸಡಿಲ ಇರ್ಲಿ. ಕ್ಲಚ್ ಕೇಬಲ್ ಸಾಮಾನ್ಯವಾಗಿ ಲಿವರ್ ಹತ್ರ ಗುಂಡು ಕೂತಿರುತ್ತಲ್ಲ ಅಲ್ಲೇ ಎಳೆ ಎಳೆಯಾಗಿ ಬಿಚ್ಚಿಕೊಳ್ಳೋದು, ರಬ್ಬರ್ ಸರಿಸಿ ನೋಡಿ, ಒಂದೇ ಒಂದು ಎಳೆ ಕಿತ್ತಿದ್ರೂ ಬದಲಿಸಿಬಿಡಿ. ನಾನು ಹೊಸ ಕೇಬಲ್ ಒಂದನ್ನ ಹಳೇದರ ಪಕ್ಕದಲ್ಲೇ ಎಳೆದು ಟ್ಯಾಗ್ ಹಾಕಿ ಕಟ್ಟಿಟ್ಟಿದೀನಿ, ಕಾಡ ಮಧ್ಯೆ ಕಟ್ ಆದ್ರೆ ಎರಡು ತುದಿ ಸಿಕ್ಕಿಸಿದ್ರೆ ಸಾಕು, ಮೆಕ್ಯಾನಿಕ್ ಹುಡುಕ್ಕೊಂಡು ತೀರ್ಥಹಳ್ಳಿ ತನಕ ಗಾಡಿ ತಳ್ಳೋದು ತಪ್ಪುತ್ತೆ.