ಚೀನೀ ಚಕ್ರವರ್ತಿಗಳ ಕಾಲದ ತಾರೀಖನ್ನು ಕ್ರಿಸ್ತಶಕಕ್ಕೆ ತರುವುದು ಹೇಗೆ

ಚೀನಾದ ಕೊನೆಯ ಚಕ್ರವರ್ತಿ ಪೂಯಿ ಸಿಂಹಾಸನ ಬಿಟ್ಟ ಆಜ್ಞೆಯ ಮೇಲಿರುವ ತಾರೀಖು ಹೀಗಿದೆ: ಶ್ವಾನ್‌ತೊಂಗ್ 3ನೇ ವರ್ಷ, 12ನೇ ತಿಂಗಳು, 25ನೇ ದಿನ. ಶ್ವಾನ್‌ತೊಂಗ್ (ಅವನ ಆಳ್ವಿಕೆಯ ಕಾಲದ ಹೆಸರು) 1 ಎಂದರೆ 1909. ಹಾಗಾದರೆ 3ನೇ ವರ್ಷ 1911 ಎಂದು ಬರೆದುಬಿಡುವವರೇ ಹೆಚ್ಚು. ಆದರೆ ಆ ದಿನ 1912ರ ಫೆಬ್ರವರಿ 12. ಚಾಂದ್ರಮಾನ ವರ್ಷದ ಕೊನೆಯ ಒಂದೂವರೆ ತಿಂಗಳು ಮುಂದಿನ ಕ್ರಿಸ್ತವರ್ಷಕ್ಕೆ ಚಾಚಿಕೊಂಡಿರುತ್ತದೆ. ಬರಿಯ ವರ್ಷವನ್ನು ಕೂಡಿ ಬಿಡುವವರಿಗೆ ಈ ತಪ್ಪು ಕಾಣುವುದೇ ಇಲ್ಲ.

ಚೀನೀ ತಾರೀಖಿನಲ್ಲಿ ಸಾಮಾನ್ಯವಾಗಿ ಒಂದೇ ಮಾಹಿತಿ ಎರಡು ಮೂರು ರೀತಿಯಲ್ಲಿ ಹೇಳಿರುತ್ತದೆ. ಒಂದನ್ನು ಇನ್ನೊಂದರ ಮೇಲೆ ಇಟ್ಟು ನೋಡಿದರೆ ಲಿಪಿಕಾರನ ತಪ್ಪೂ ಸಿಗುತ್ತದೆ, ನಮ್ಮ ತಪ್ಪೂ ಸಿಗುತ್ತದೆ.

ಮೊದಲು ತಾರೀಖನ್ನು ಬಿಡಿಸಿಕೊಳ್ಳಿ

ಪೂರ್ಣ ತಾರೀಖಿನಲ್ಲಿ ಈ ಕ್ರಮವಿರುತ್ತದೆ: ರಾಜವಂಶ, ಶಕನಾಮ (ನ್ಯೆನ್‌ಹಾವ್), ವರ್ಷಸಂಖ್ಯೆ, ವರ್ಷದ ಕಾಂಡ-ಕೊಂಬೆ ಹೆಸರು (60ರ ಚಕ್ರದಲ್ಲಿ ಅದಕ್ಕೆ ಬರುವ ಜೋಡಿ ಹೆಸರು), ತಿಂಗಳು, ದಿನ. ಎಲ್ಲವೂ ಎಲ್ಲ ಕಡೆ ಇರುವುದಿಲ್ಲ. ಮೊದಲ ವರ್ಷವನ್ನು "ಒಂದು" ಎಂದು ಬರೆಯದೆ "ಯುವಾನ್" ಎನ್ನುತ್ತಾರೆ, ಮೊದಲ ತಿಂಗಳನ್ನು "ಜೆಂಗ್" ಎನ್ನುತ್ತಾರೆ. ತಿಂಗಳ ಮೊದಲ ಹತ್ತು ದಿನಗಳ ಸಂಖ್ಯೆಯ ಮುಂದೆ "ಚೂ" ಸೇರುವುದುಂಟು. 20ಕ್ಕೆ "ನ್ಯೆನ್" ಎಂಬ ಒಂದೇ ಅಕ್ಷರ ಬಳಸುವುದುಂಟು; ಅದನ್ನು 10 ಎಂದು ಓದಿ ಹತ್ತು ದಿನ ತಪ್ಪಿಸಿಕೊಳ್ಳುವುದು ಬಹಳ ಸಾಮಾನ್ಯ.

ಶಕನಾಮ ಬೇರೆ, ಚಕ್ರವರ್ತಿಯ ಹೆಸರು ಬೇರೆ. ಒಬ್ಬನಿಗೇ ನಾಲ್ಕು ಹೆಸರು: ಹುಟ್ಟುಹೆಸರು, ಆಳ್ವಿಕೆಯ ಶಕನಾಮ, ಸತ್ತ ಮೇಲೆ ಕೊಡುವ ಬಿರುದು, ಪೂರ್ವಜರ ದೇಗುಲದಲ್ಲಿ ಇಡುವ ದೇಗುಲನಾಮ. ಹಾನ್‌ನಿಂದ ಸುಯ್ ವಂಶದವರೆಗಿನವರನ್ನು ಇತಿಹಾಸಕಾರರು ಹೆಚ್ಚಾಗಿ ಮರಣೋತ್ತರ ಬಿರುದಿನಿಂದ ಕರೆಯುತ್ತಾರೆ (ಹಾನ್ ವೂದಿ). ತಾಂಗ್‌ನಿಂದ ಯುವಾನ್‌ವರೆಗೆ ದೇಗುಲನಾಮ (ತಾಂಗ್ ತಾಯ್‌ಜೊಂಗ್, ಹುಟ್ಟುಹೆಸರು ಲಿ ಶಿಮಿನ್). ಮಿಂಗ್ ಮತ್ತು ಚಿಂಗ್ ಕಾಲಕ್ಕೆ ಶಕನಾಮವೇ ಹೆಸರಾಯಿತು. ಕಾಂಗ್‌ಶಿ ಎಂಬುದು ಮನುಷ್ಯನ ಹೆಸರಲ್ಲ, ಅವನ ಕಾಲದ ಹೆಸರು; ಮನುಷ್ಯನ ಹೆಸರು ಶ್ವಾನ್‌ಯೆ. ಆದ್ದರಿಂದ "ತಾಯ್‌ಜೊಂಗ್ 3ನೇ ವರ್ಷ" ಎಂದು ಎಲ್ಲಾದರೂ ಕಂಡರೆ ಅದು ಇತ್ತೀಚಿನವರ ಸಂಕ್ಷೇಪ. ಮೂಲದಲ್ಲಿ "ಜೆನ್‌ಗ್ವಾನ್ 3" ಎಂದಿರುತ್ತದೆ. ಹಾಗೆ ಕರೆಯುವ ಹೊತ್ತಿಗೆ ಆತ ಬದುಕಿರಲೇ ಇಲ್ಲವಲ್ಲ!

ಕೂಡುವ ಲೆಕ್ಕ

ಚಕ್ರವರ್ತಿ ತೀರಿಕೊಂಡರೆ ಆ ವರ್ಷ ಮುಗಿಯುವವರೆಗೆ ಹಳೆಯ ಶಕವೇ ನಡೆಯುತ್ತದೆ. ಹೊಸಬನ 1ನೇ ವರ್ಷ ಮುಂದಿನ ಹೊಸವರ್ಷದಂದು ಶುರು. ಕಾಂಗ್‌ಶಿ ಪಟ್ಟಕ್ಕೆ ಬಂದದ್ದು 1661ರ ಫೆಬ್ರವರಿಯಲ್ಲಿ. ಆದರೂ ಆ ಇಡೀ ವರ್ಷ ಶುನ್‌ಜಿ 18. ಕಾಂಗ್‌ಶಿ 1 ಎಂದರೆ 1662. ಪಟ್ಟದ ವರ್ಷವನ್ನೇ ಒಂದು ಎಂದು ಎಣಿಸಿದರೆ ಮುಂದಿನದೆಲ್ಲ ಒಂದೊಂದು ವರ್ಷ ಹಿಂದಕ್ಕೆ ಬೀಳುತ್ತದೆ.

ಹೆಚ್ಚು ಎದುರಾಗುವ ಶಕಗಳಿಗೆ ಕೂಡಬೇಕಾದ ಸಂಖ್ಯೆ ಇಲ್ಲಿದೆ.

ಮಿಂಗ್: ಹೊಂಗ್‌ವೂ 1367, ಯೊಂಗ್‌ಲೆ 1402, ಶ್ವಾನ್‌ದೆ 1425, ಚೆಂಗ್‌ಹ್ವಾ 1464, ಜಿಯಾಜಿಂಗ್ 1521, ವಾನ್‌ಲಿ 1572, ಚೊಂಗ್‌ಜೆನ್ 1627.

ಚಿಂಗ್: ಶುನ್‌ಜಿ 1643, ಕಾಂಗ್‌ಶಿ 1661, ಯೊಂಗ್‌ಜೆಂಗ್ 1722, ಚಿಯಾನ್‌ಲೊಂಗ್ 1735, ಜಿಯಾಚಿಂಗ್ 1795, ದಾವ್‌ಗ್ವಾಂಗ್ 1820, ಶಿಯೆನ್‌ಫೆಂಗ್ 1850, ತೊಂಗ್‌ಜಿ 1861, ಗ್ವಾಂಗ್‌ಶು 1874, ಶ್ವಾನ್‌ತೊಂಗ್ 1908.

ಗ್ವಾಂಗ್‌ಶು 26 ಎಂದರೆ 26 + 1874 = 1900. ಕ್ರಿಸ್ತಪೂರ್ವಕ್ಕೆ ಕಳೆಯಬೇಕು: ಹಾನ್ ವೂದಿಯ ಜಿಯೆನ್‌ಯುವಾನ್ 1 ಕ್ರಿ.ಪೂ. 140, ಆದ್ದರಿಂದ 141ರಲ್ಲಿ ವರ್ಷಸಂಖ್ಯೆ ಕಳೆಯಿರಿ. ಶಕನಾಮದ ಪದ್ಧತಿ ಶುರುವಾದದ್ದೇ ವೂದಿಯಿಂದ, ಅದೂ ಮೊದಲ ಕೆಲವು ಹೆಸರುಗಳನ್ನು ಆಮೇಲೆ ಹಿಂದಕ್ಕೆ ಅಂಟಿಸಿದ್ದು. ಅದಕ್ಕೂ ಮುಂಚೆ ಆಳುವವನ ವರ್ಷಗಳನ್ನೇ ಎಣಿಸುತ್ತಿದ್ದರು. ಚಿನ್ ರಾಜ ಜೆಂಗ್‌ನ 26ನೇ ವರ್ಷ ಕ್ರಿ.ಪೂ. 221, ಆತ ಮೊದಲ ಚಕ್ರವರ್ತಿಯಾದ ವರ್ಷ.

ಲೆಕ್ಕ ಎಡವುವ ಜಾಗಗಳು

ಒಬ್ಬನಿಗೆ ಒಂದೇ ಶಕ ಎಂಬ ನಿಯಮ ಮಿಂಗ್ ವಂಶದಿಂದ ಈಚೆಯದು. ಅದಕ್ಕೆ ಮುಂಚೆ ಶುಭಶಕುನ ಕಂಡರೆ, ಬರ ಬಂದರೆ, ದಂಗೆ ಅಡಗಿದರೆ ಶಕ ಬದಲಾಗುತ್ತಿತ್ತು. ತಾಂಗ್ ಗಾವ್‌ಜೊಂಗ್ ಒಬ್ಬನದೇ 14. ಬದಲಾವಣೆ ವರ್ಷದ ನಡುವೆಯೂ ಆಗಬಹುದು. ತಾಂಗ್ ಶ್ವಾನ್‌ಜೊಂಗ್‌ನ ಕಾಯ್‌ಯುವಾನ್ ಶಕ ಘೋಷಣೆಯಾದದ್ದು 713ರ 12ನೇ ತಿಂಗಳಲ್ಲಿ, ಅಂದರೆ ಕಾಯ್‌ಯುವಾನ್ 1ಕ್ಕೆ ನಿಜವಾಗಿ ಇದ್ದದ್ದು ಒಂದೇ ತಿಂಗಳು. ಶಿಲಾಶಾಸನದಲ್ಲಿ "ಕಾಯ್‌ಯುವಾನ್ 1, 8ನೇ ತಿಂಗಳು" ಎಂದಿದ್ದರೆ ಅನುಮಾನಿಸಲೇಬೇಕು. ಇತಿಹಾಸ ಗ್ರಂಥದಲ್ಲಿದ್ದರೆ ಅನುಮಾನ ಬೇಡ: 1084ರಲ್ಲಿ ಮುಗಿದ ಝಿಝಿ ತೊಂಗ್‌ಜಿಯೆನ್‌ನಲ್ಲಿ ಸಿಮಾ ಗ್ವಾಂಗ್ ಒಂದು ವರ್ಷದಲ್ಲಿ ಕೊನೆಗೆ ಬಂದ ಶಕವನ್ನೇ ಇಡೀ ವರ್ಷಕ್ಕೆ ಹಚ್ಚಿದ್ದಾನೆ.

ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಜಿಯೆನ್‌ಯುವಾನ್ ಹೆಸರು ಹಾನ್ ವೂದಿಯದೂ ಹೌದು, 365ರಿಂದ ಅದನ್ನು ಬಳಸಿದ ಹಿಂದಿನ ಚಿನ್ ರಾಜ್ಯದ ಫೂ ಜಿಯೆನ್‌ನದೂ ಹೌದು. ಶಾಂಗ್‌ಯುವಾನ್ ತಾಂಗ್ ವಂಶದೊಳಗೇ ಎರಡು ಸಲ: 674ರಿಂದ ಒಮ್ಮೆ, 760ರಿಂದ ಇನ್ನೊಮ್ಮೆ. ಜಿಯುವಾನ್ ಯುವಾನ್ ವಂಶದಲ್ಲಿ ಎರಡು ಸಲ: 1264ರಿಂದ ಕುಬ್ಲಾಯ್ ಖಾನ್‌ನದು, 1335ರಿಂದ ವಂಶದ ಕೊನೆಯ ಚಕ್ರವರ್ತಿಯದು. ಇಂಥಲ್ಲಿ ವರ್ಷಸಂಖ್ಯೆಯೇ ಕೆಲವೊಮ್ಮೆ ತೀರ್ಪು ಕೊಡುತ್ತದೆ: ಎರಡನೆಯ ಜಿಯುವಾನ್ 6ಕ್ಕೆ ಮುಗಿಯುವುದರಿಂದ "ಜಿಯುವಾನ್ 17" ಕುಬ್ಲಾಯ್‌ದೇ ಆಗಬೇಕು.

ರಾಜಕೀಯವೂ ಲೆಕ್ಕವನ್ನು ತಿದ್ದುತ್ತದೆ. ಅಣ್ಣನ ಮಗ ಜಿಯೆನ್‌ವೆನ್ ಚಕ್ರವರ್ತಿಯನ್ನು 1402ರಲ್ಲಿ ಉರುಳಿಸಿ ಪಟ್ಟಕ್ಕೆ ಬಂದ ಯೊಂಗ್‌ಲೆ ಅವನ ಶಕವನ್ನೇ ಅಳಿಸಿಹಾಕಿದ. 1402 ಹೊಂಗ್‌ವೂ 35 ಆಯಿತು, ಹೊಂಗ್‌ವೂ ಚಕ್ರವರ್ತಿ 1398ರಲ್ಲೇ ಸತ್ತಿದ್ದರೂ. ಆದ್ದರಿಂದ ಹೊಂಗ್‌ವೂ 32ರಿಂದ 35 ಕಂಡರೆ ತಪ್ಪೆಂದು ತಿದ್ದಬೇಡಿ. ಕೂಡುವ ಲೆಕ್ಕ ಹಾಗೇ ನಡೆಯುತ್ತದೆ. 1620ರ ಕತೆ ಬೇರೆ: ವಾನ್‌ಲಿ ಆಗಸ್ಟ್‌ನಲ್ಲಿ ಸತ್ತ, ಮಗ ಪಟ್ಟಕ್ಕೆ ಬಂದು ಒಂದು ತಿಂಗಳಲ್ಲಿ ಸತ್ತ. ಅವನಿಗೂ ಒಂದು ಶಕ ಇರಲಿ ಎಂದು 7ನೇ ತಿಂಗಳವರೆಗೆ ವಾನ್‌ಲಿ 48, 8ನೇ ತಿಂಗಳಿಂದ ತಾಯ್‌ಚಾಂಗ್ 1 ಎಂದು ಹಂಚಿದರು.

ಎರಡು ಸರ್ಕಾರಗಳಿದ್ದರೆ ಎರಡು ಶಕ. ತೈವಾನ್‌ನಲ್ಲಿದ್ದ ಜೆಂಗ್ ಮನೆತನ ಮಿಂಗ್ ನಿಷ್ಠೆಯಿಂದ ಯೊಂಗ್‌ಲಿ ಶಕವನ್ನು 37ನೇ ವರ್ಷದವರೆಗೆ ಬಳಸಿತು. ಆ ಯೊಂಗ್‌ಲಿ ಚಕ್ರವರ್ತಿ 1662ರಲ್ಲೇ ಕೊಲೆಯಾಗಿದ್ದ. ಯೊಂಗ್‌ಲಿ 37 ಮತ್ತು ಕಾಂಗ್‌ಶಿ 22 ಎರಡೂ 1683.

ಅರುವತ್ತರ ಚಕ್ರದಿಂದ ಪರೀಕ್ಷೆ

ನಮ್ಮ ಸಂವತ್ಸರ ಚಕ್ರದ ಹಾಗೆ ಚೀನಾದಲ್ಲೂ 60 ವರ್ಷದ ಚಕ್ರವಿದೆ. ಆದರೆ ಎರಡನ್ನೂ ಜೋಡಿಸಲು ಹೋಗಬೇಡಿ: ನಮ್ಮ ಪ್ರಭವ 1987ರಲ್ಲಿ ಬಂತು, ಅವರ ಮೊದಲ ವರ್ಷ ಜಿಯಾ-ಝಿ 1984ರಲ್ಲೇ ಬಂದಿತ್ತು. 60 ಹೆಸರು ಬಾಯಿಪಾಠ ಮಾಡಬೇಕಾಗಿಯೂ ಇಲ್ಲ. ಹತ್ತು ಕಾಂಡ, ಹನ್ನೆರಡು ಕೊಂಬೆ ಗೊತ್ತಿದ್ದರೆ ಸಾಕು.

ಕಾಂಡಗಳು: ಜಿಯಾ, ಯಿ, ಬಿಂಗ್, ದಿಂಗ್, ವೂ, ಜಿ, ಗೆಂಗ್, ಶಿನ್, ರೆನ್, ಗುಯ್. ಕ್ರಿಸ್ತವರ್ಷದ ಕೊನೆಯ ಅಂಕಿಯೇ ಕಾಂಡ ಹೇಳುತ್ತದೆ: 4 ಜಿಯಾ, 5 ಯಿ, ಹೀಗೆ 9 ಜಿ, 0 ಗೆಂಗ್, 3 ಗುಯ್.

ಕೊಂಬೆಗಳು: ಝಿ, ಚೌ, ಯಿನ್, ಮಾವ್, ಚೆನ್, ಸಿ, ವೂ, ವೆಯ್, ಶೆನ್, ಯೋ, ಶ್ಯೂ, ಹಾಯ್. ವರ್ಷದಿಂದ 4 ಕಳೆದು 12ರಿಂದ ಭಾಗಿಸಿ. ಶೇಷ 0 ಆದರೆ ಝಿ, 1 ಆದರೆ ಚೌ, 11 ಆದರೆ ಹಾಯ್.

1911: ಕೊನೆಯ ಅಂಕಿ 1, ಶಿನ್. 1907ನ್ನು 12ರಿಂದ ಭಾಗಿಸಿದರೆ ಶೇಷ 11, ಹಾಯ್. ಶಿನ್-ಹಾಯ್, ಚಿಂಗ್ ವಂಶವನ್ನು ಕೊನೆಗಾಣಿಸಿದ ಕ್ರಾಂತಿಗೆ ಆ ವರ್ಷದ್ದೇ ಹೆಸರು. ಕ್ರಿ.ಪೂ. ವರ್ಷಕ್ಕೆ ಮೊದಲು 1ರಿಂದ ಅದನ್ನು ಕಳೆದು, 60ರ ಗುಣಕ ಕೂಡಿ ಧನಸಂಖ್ಯೆ ಮಾಡಿಕೊಳ್ಳಿ. ಕ್ರಿ.ಪೂ. 221 ಎಂದರೆ −220, ಅದಕ್ಕೆ 240 ಕೂಡಿದರೆ 20, ಗೆಂಗ್-ಚೆನ್. ಸೊನ್ನೆಯ ವರ್ಷ ಇಲ್ಲ ಎಂಬುದನ್ನು ಮರೆತರೆ ಇಲ್ಲಿ ಒಂದು ವರ್ಷ ಜಾರುತ್ತದೆ.

ಬೆಸ ಸ್ಥಾನದ ಕಾಂಡ ಬೆಸ ಸ್ಥಾನದ ಕೊಂಬೆಗೇ ಸೇರುತ್ತದೆ, ಸಮ ಸಮಕ್ಕೆ. ಅದಕ್ಕೇ 120 ಅಲ್ಲ, 60 ಜೋಡಿ. "ಜಿಯಾ-ಚೌ" ಎಂಬ ವರ್ಷವೇ ಇಲ್ಲ. ಹಾಗೆ ಓದಿದ್ದರೆ ಅಕ್ಷರ ಮತ್ತೆ ನೋಡಿ. ಕಾಂಡದಲ್ಲಿ ಒಂದು ವೂ, ಕೊಂಬೆಯಲ್ಲಿ ಇನ್ನೊಂದು ವೂ ಇರುವುದರಿಂದ ಲಿಪ್ಯಂತರವನ್ನಷ್ಟೇ ನಂಬಬೇಡಿ, ಮೊದಲು ಬಂದದ್ದು ಕಾಂಡ ಎಂದು ಗುರುತಿಸಿ.

ಪರೀಕ್ಷೆಯ ಬಲ ಕಾಣುವುದು ಇಂಥಲ್ಲಿ: "ಗ್ವಾಂಗ್‌ಶು 24, ವೂ-ಝಿ" ಎಂದು ಓದಿದಿರಿ ಅನ್ನಿ. 24 + 1874 = 1898, ಅದು ವೂ-ಶ್ಯೂ. ವೂ-ಝಿ 1888, ಅಂದರೆ ಗ್ವಾಂಗ್‌ಶು 14. ಹತ್ತು ವರ್ಷ ತಪ್ಪಿದರೂ ಕಾಂಡ ಅದೇ ಬರುತ್ತದೆ; ಕೊಂಬೆ ಮಾತ್ರ ಬದಲಾಗುತ್ತದೆ. ಕಾಂಡವನ್ನಷ್ಟೇ ನೋಡಿ ಸರಿ ಎಂದುಕೊಳ್ಳುವುದರಿಂದಲೇ 14 ಮತ್ತು 24ರ ಗೊಂದಲ ಉಳಿದುಬಿಡುತ್ತದೆ.

ತಿಂಗಳು

ತಿಂಗಳು ಅಮಾವಾಸ್ಯೆಯಿಂದ ಶುರುವಾಗಿ 29 ಇಲ್ಲವೇ 30 ದಿನ, ಪಕ್ಷಗಳಿಲ್ಲದೆ ನೇರ ಎಣಿಕೆ. 19 ವರ್ಷಕ್ಕೆ 7 ಅಧಿಕ ಮಾಸ. ಕನ್ನಡದವರು ಎಡವುವುದು ಇಲ್ಲೇ. ನಮ್ಮಲ್ಲಿ ಅಧಿಕ ಮೊದಲು, ನಿಜ ಆಮೇಲೆ. ಚೀನಾದಲ್ಲಿ ನಿಜ 4ನೇ ತಿಂಗಳು ಮೊದಲು, "ರುನ್ 4" (ಅಧಿಕ 4) ಅದರ ನಂತರ. ರುನ್ ಎಂಬ ಅಕ್ಷರವನ್ನು ಬಿಟ್ಟು ಓದಿದರೆ ತಾರೀಖು ಒಂದು ತಿಂಗಳು ಹಿಂದೆ ಹೋಗುತ್ತದೆ.

ಹೊಸವರ್ಷ ಈಗಿನ ಲೆಕ್ಕದಲ್ಲಿ ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬೀಳುತ್ತದೆ. ಆದ್ದರಿಂದ 11 ಮತ್ತು 12ನೇ ತಿಂಗಳ ಯಾವ ತಾರೀಖನ್ನೂ, ಚೀನೀ ತಿಂಗಳುಗಳನ್ನು ಕ್ರಿಸ್ತಶಕದ ತಾರೀಖಿಗೆ ಹೊಂದಿಸಿಕೊಡುವ ಕೋಷ್ಟಕ ನೋಡದೆ ಬರೆಯಬೇಡಿ. ವರ್ಷದ ಆರಂಭವೂ ಯಾವಾಗಲೂ ಒಂದೇ ಆಗಿರಲಿಲ್ಲ: ಚಿನ್ ಮತ್ತು ಆರಂಭದ ಹಾನ್ ಕಾಲದಲ್ಲಿ, ಕ್ರಿ.ಪೂ. 104ರ ತಾಯ್‌ಚೂ ಸುಧಾರಣೆಯವರೆಗೆ, ವರ್ಷ 10ನೇ ತಿಂಗಳಿಂದ ಶುರು. ಅಲ್ಲಿ 10ನೇ ತಿಂಗಳ ಘಟನೆ 1ನೇ ತಿಂಗಳ ಘಟನೆಗಿಂತ ಮುಂಚಿನದು. ಸಾಮ್ರಾಜ್ಞಿ ವೂ ಜೆಟಿಯೆನ್ 689ರಲ್ಲಿ 11ನೇ ತಿಂಗಳನ್ನು ವರ್ಷದ ಮೊದಲಿಗೆ ತಂದಳು, 700ರಲ್ಲಿ ಹಳೆಯ ಕ್ರಮ ಮರಳಿತು. "ವರ್ಷ", "ತಿಂಗಳು", "ದಿನ" ಎಂಬ ಪದಗಳಿಗೂ ಆಕೆಯ ಕಾಲದಲ್ಲಿ ಹೊಸ ಅಕ್ಷರ ಬಂದವು. ಅವು ಕಂಡ ಶಾಸನದ ಕಾಲವನ್ನು ಅವೇ ಹೇಳುತ್ತವೆ.

ದಿನ

ಇತಿಹಾಸ ಗ್ರಂಥಗಳು ದಿನಕ್ಕೆ ಸಂಖ್ಯೆ ಕೊಡುವುದಕ್ಕಿಂತ ಕಾಂಡ-ಕೊಂಬೆ ಹೆಸರನ್ನೇ ಹೆಚ್ಚು ಕೊಡುತ್ತವೆ. ಈ 60 ದಿನದ ಎಣಿಕೆ ವಂಶ ಬದಲಾದರೂ ಪಂಚಾಂಗ ಬದಲಾದರೂ ನಿಲ್ಲದೆ ಸಾಗಿದೆ, ಹಾಗಾಗಿ ತಾರೀಖಿನ ಅತಿ ನಂಬಿಕಸ್ಥ ಭಾಗ ಇದೇ.

ತಾಂಗ್ ಸೇನಾನಿ ಆನ್ ಲೂಶಾನ್ ದಂಗೆ ಎದ್ದದ್ದು ತಿಯೆನ್‌ಬಾವ್ 14, 11ನೇ ತಿಂಗಳು, ಜಿಯಾ-ಝಿ ದಿನ. ಕೋಷ್ಟಕದಲ್ಲಿ ಆ ತಿಂಗಳ ಮೊದಲ ದಿನ ಬಿಂಗ್-ಚೆನ್. ಅಲ್ಲಿಂದ ಎಣಿಸಿ: ಬಿಂಗ್-ಚೆನ್ 1, ದಿಂಗ್-ಸಿ 2, ವೂ-ವೂ 3, ಜಿ-ವೆಯ್ 4, ಗೆಂಗ್-ಶೆನ್ 5, ಶಿನ್-ಯೋ 6, ರೆನ್-ಶ್ಯೂ 7, ಗುಯ್-ಹಾಯ್ 8, ಜಿಯಾ-ಝಿ 9. 9ನೇ ದಿನ, ಅಂದರೆ 755ರ ಡಿಸೆಂಬರ್ 16. ತಾಳೆ ನೋಡಲು ಖಗೋಳಶಾಸ್ತ್ರದ ಜೂಲಿಯನ್ ದಿನಸಂಖ್ಯೆಗೆ (ದಿನಗಳನ್ನು ನಿಲ್ಲದೆ ಎಣಿಸುವ ಸಂಖ್ಯೆ) 49 ಕೂಡಿ 60ರಿಂದ ಭಾಗಿಸಿ. ಶೇಷ 0 ಬಂದರೆ ಜಿಯಾ-ಝಿ. ಆ ದಿನದ ಸಂಖ್ಯೆ 1997171. 49 ಕೂಡಿದರೆ 1997220, 60ರಿಂದ ನಿಶ್ಶೇಷ. ಲೆಕ್ಕ ಹೀಗೆ ಕೂಡಿಬರುವುದನ್ನು ನೋಡುವುದೇ ಒಂದು ಸಂತೋಷ. ಈ ತಾರೀಖಿನಲ್ಲಿ ವರ್ಷಕ್ಕೆ ಎಂದಿನ "ನ್ಯೆನ್" ಬದಲು "ಝಾಯ್" ಎಂದಿರುತ್ತದೆ. 744ರಿಂದ 758ರವರೆಗೆ ಹಾಗೇ ಬರೆಯುತ್ತಿದ್ದರು.

ತಿಂಗಳಲ್ಲಿ 30 ದಿನ, ಚಕ್ರದಲ್ಲಿ 60. ಆದ್ದರಿಂದ ಒಂದು ಹೆಸರು ಒಂದು ತಿಂಗಳಲ್ಲಿ ಒಮ್ಮೆ ಬರುತ್ತದೆ ಇಲ್ಲವೇ ಬರುವುದೇ ಇಲ್ಲ. ಮೂಲ ಹೇಳುವ ದಿನ ಆ ತಿಂಗಳಲ್ಲಿ ಇಲ್ಲದಿದ್ದರೆ ಹೆಚ್ಚಿನ ಸಲ ದಿನ ಸರಿಯಿದ್ದು ತಿಂಗಳ ಸಂಖ್ಯೆ ಬಿಟ್ಟುಹೋಗಿರುತ್ತದೆ. ಮೊದಲು ಪಕ್ಕದ ತಿಂಗಳಲ್ಲಿ ಹುಡುಕಿ. ಇನ್ನು 1582ರ ಅಕ್ಟೋಬರ್ 4ರವರೆಗಿನ ತಾರೀಖನ್ನು ಜೂಲಿಯನ್ ಪಂಚಾಂಗದಲ್ಲಿ, ಆಮೇಲಿನದನ್ನು ಗ್ರೆಗೋರಿಯನ್‌ನಲ್ಲಿ ಕೊಡುವುದು ವಾಡಿಕೆ. ಯಾವುದನ್ನು ಬಳಸಿದ್ದೀರಿ ಎಂದು ಬರೆದಿಡಿ.

ನಾಣ್ಯ, ಪಿಂಗಾಣಿ, ಕಾಗದ

ವಸ್ತುವಿನ ಮೇಲೆ ಶಕನಾಮವಿದ್ದ ಮಾತ್ರಕ್ಕೆ ಅದು ಆ ಕಾಲದ್ದಾಗುವುದಿಲ್ಲ. ಕಾಯ್‌ಯುವಾನ್ ತೊಂಗ್‌ಬಾವ್ ನಾಣ್ಯ ಮೊದಲು ಬಂದದ್ದು 621ರಲ್ಲಿ, ಕಾಯ್‌ಯುವಾನ್ ಶಕಕ್ಕೆ 92 ವರ್ಷ ಮುಂಚೆ. ಅಲ್ಲಿ ಆ ಪದ ಶಕನಾಮವೇ ಅಲ್ಲ. ಪಿಂಗಾಣಿಯ ತಳದಲ್ಲಿ "ಮಹಾ ಮಿಂಗ್, ಚೆಂಗ್‌ಹ್ವಾ ಕಾಲದಲ್ಲಿ ಮಾಡಿದ್ದು" ಎಂಬ ಆರು ಅಕ್ಷರವಿದ್ದರೆ ಅದು ಚೆಂಗ್‌ಹ್ವಾಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅರ್ಥ. ಕಾಂಗ್‌ಶಿ ಕಾಲದ ಕುಲುಮೆಗಳು ಹಳೆಯ ಗೌರವಕ್ಕಾಗಿ ಆ ಗುರುತನ್ನು ಧಾರಾಳವಾಗಿ ಹಾಕಿದವು.

ಕಾಗದಕ್ಕೆ ಇನ್ನೂ ಒಳ್ಳೆಯ ಪರೀಕ್ಷೆ ಇದೆ. ಆಳುವ ಚಕ್ರವರ್ತಿಯ ಹುಟ್ಟುಹೆಸರಿನ ಅಕ್ಷರವನ್ನು ಯಾರೂ ಬರೆಯುವಂತಿರಲಿಲ್ಲ. ಶ್ವಾನ್‌ಯೆಯ "ಶ್ವಾನ್" ತಪ್ಪಿಸಲು ಬೀಜಿಂಗ್ ಅರಮನೆಯ ಉತ್ತರದ ಶ್ವಾನ್‌ವೂ ಬಾಗಿಲು ಶೆನ್‌ವೂ ಆಯಿತು. ಚಿಯಾನ್‌ಲೊಂಗ್‌ನ ಹೆಸರು ಹೊಂಗ್‌ಲಿ. ಅದರ "ಲಿ"ಗಾಗಿ ಸರ್ಕಾರಿ ಪಂಚಾಂಗವಾದ "ಶಿಶಿಯೆನ್ ಲಿ" ತನ್ನ ಹೆಸರನ್ನೇ "ಶಿಶಿಯೆನ್ ಶೂ" ಎಂದು ಬದಲಿಸಿಕೊಂಡಿತು. ಕಾಂಗ್‌ಶಿ 40 ಎಂದು ತಾರೀಖಿರುವ ಪ್ರತಿಯಲ್ಲಿ ಹೊಂಗ್‌ಲಿಯ ಅಕ್ಷರಗಳನ್ನು ತಪ್ಪಿಸಿದ್ದರೆ ಆ ಪ್ರತಿ ಆಮೇಲೆ ತೆಗೆದದ್ದು.

ಈ ಪಂಚಾಂಗ ಬರಿಯ ದಿನದರ್ಶಿಕೆಯಾಗಿರಲಿಲ್ಲ. ಅದನ್ನು ಲೆಕ್ಕ ಹಾಕಿ ಹೊರಡಿಸುವ ಅಧಿಕಾರ ಚಕ್ರವರ್ತಿಯ ಖಗೋಳ ಇಲಾಖೆಯದು. ಮಿಂಗ್ ಪಂಚಾಂಗದ ಮುಖಪುಟದ ಮೇಲೆ, ಖೋಟಾ ಮಾಡಿದವರಿಗೆ ತಲೆದಂಡ, ಹಿಡಿದುಕೊಟ್ಟವರಿಗೆ 50 ಲಿಯಾಂಗ್ ಬೆಳ್ಳಿ ಎಂಬ ಮುದ್ರೆ ಇರುತ್ತಿತ್ತು. ಒಬ್ಬ ದೊರೆಯ ಶಕವನ್ನು ಬರೆಯುವುದೆಂದರೆ ಅವನ ಆಳ್ವಿಕೆಯನ್ನು ಒಪ್ಪಿದಂತೆ. ಕೊರಿಯಾದ ಜೊಸೊನ್ ರಾಜ್ಯದಲ್ಲಿ 1644ರ ನಂತರವೂ ಖಾಸಗಿ ಬರಹಗಳಲ್ಲಿ, ಸಮಾಧಿಕಲ್ಲುಗಳಲ್ಲಿ ಚೊಂಗ್‌ಜೆನ್ ಶಕ ಮುಂದುವರಿದದ್ದು ಇದಕ್ಕೇ. ಹಾಗಾಗಿ ಚೊಂಗ್‌ಜೆನ್ 17ನ್ನು ಮೀರಿದ ಸಂಖ್ಯೆ ಕಂಡರೆ 1627 ಕೂಡಿ ವರ್ಷ ಪಡೆಯಿರಿ, ಆದರೆ ಮೂಲದ ಶಕವನ್ನು ಚಿಂಗ್ ಶಕಕ್ಕೆ ಬದಲಿಸಿ ಬರೆಯಬೇಡಿ. ಮೂಲದ ತಾರೀಖು ಮೊದಲು, ಕ್ರಿಸ್ತಶಕದ ತಾರೀಖು ಅದರ ಪಕ್ಕದ ಕಂಸದಲ್ಲಿ: ಶ್ವಾನ್‌ತೊಂಗ್ 3, 12ನೇ ತಿಂಗಳು, 25 (12 ಫೆಬ್ರವರಿ 1912).