ಮೋಟಾರ್‌ಹೋಮಿನ ಜನರೇಟರ್ ಸ್ಟಾರ್ಟ್ ಆಗದಿದ್ದಾಗ ನೋಡಬೇಕಾದದ್ದು

ಚಿತ್ರದುರ್ಗದ ಬೇಸಿಗೆಯಲ್ಲಿ ಕೋಟೆ ಹತ್ತಿಳಿದು ಬಂದವರು, ಬಂಡೆಗಳ ಕಾವು ಇನ್ನೂ ಆರದ ಸಂಜೆ, ಮನೆಯಂತೆ ವಾಸಿಸಬಹುದಾದ ಗಾಡಿಯಾದ ಮೋಟಾರ್‌ಹೋಮಿನ ಎ.ಸಿ. ಹಾಕಲು ಹೋದಾಗ ಜನರೇಟರ್ ಸ್ಟಾರ್ಟ್ ಆಗದಿದ್ದರೆ, ಸಾಮಾನ್ಯವಾಗಿ ಸ್ವಿಚ್ಚನ್ನು ಬಿಡದೆ ಒತ್ತುತ್ತಲೇ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆದರೆ ಸ್ಟಾರ್ಟರ್ ಮೋಟಾರ್ ಬಿಸಿಯೇರುತ್ತದೆ, ಬ್ಯಾಟರಿಯೂ ಇಳಿಯುತ್ತದೆ. ಅರ್ಧ ನಿಮಿಷ ಬಿಡುವು ಕೊಟ್ಟು, ಕೇಳಿಸಿದ ಸದ್ದು ಯಾವುದೆಂದು ಗಮನಿಸಿ: ಎಂಜಿನ್ ತಿರುಗುತ್ತಿದ್ದರೂ ಸ್ಟಾರ್ಟ್ ಆಗುತ್ತಿಲ್ಲವೇ, ಅಥವಾ ತಿರುಗುವುದೇ ಇಲ್ಲವೇ? ಮುಂದಿನ ಹುಡುಕಾಟವೆಲ್ಲ ಈ ಉತ್ತರವನ್ನೇ ಅವಲಂಬಿಸಿದೆ.

ತಿರುಗುವುದೇ ಇಲ್ಲವೆಂದರೆ ಮೊದಲು ಬ್ಯಾಟರಿಯನ್ನು ನೋಡಬೇಕು. ಅನೇಕ ಮೋಟಾರ್‌ಹೋಮ್‌ಗಳಲ್ಲಿ ಜನರೇಟರಿಗೆ ಸೆಲ್ಫ್ ಕೊಡುವುದು ಗಾಡಿಯ ಬ್ಯಾಟರಿಯಲ್ಲ, ಒಳಗಿನ ದೀಪ, ಫ್ಯಾನುಗಳನ್ನು ನಡೆಸುವ ಬ್ಯಾಟರಿ. ಆದ್ದರಿಂದ ಗಾಡಿ ಸಲೀಸಾಗಿ ಸ್ಟಾರ್ಟ್ ಆಯಿತೆಂಬುದರಿಂದ ಏನೂ ತಿಳಿಯುವುದಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿದರೆ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದಿದ್ದರೆ ಅರ್ಧದಷ್ಟೇ ಉಳಿದಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಸರಿಯಾಗಿ ಕಚ್ಚಿಲ್ಲ. ನನ್ನ ಗಾಡಿಯಲ್ಲಿ ಒಮ್ಮೆ ಬ್ಯಾಟರಿ ಹೊಸದಾಗಿತ್ತು, ಮೇಲ್ನೋಟಕ್ಕೆ ಎಲ್ಲವೂ ಸರಿಯಿತ್ತು. ಕ್ಲ್ಯಾಂಪ್ ಬಿಚ್ಚಿದಾಗ ಅದರ ಒಳಮೈಗೆ ಹಸಿರು ಮಿಶ್ರಿತ ಬಿಳಿ ಪುಡಿ ಹಿಟ್ಟಿನಂತೆ ಅಂಟಿಕೊಂಡಿತ್ತು. ಬಿಸಿ ನೀರಿಗೆ ಅಡುಗೆ ಸೋಡಾ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒರೆಸಿ, ಬಿಗಿದಾಗ ಎಂಜಿನ್ ಮೊದಲ ಒತ್ತಿಗೇ ತಿರುಗಿತು. ಬಿಚ್ಚುವಾಗ ಮೈನಸ್ ಕ್ಲ್ಯಾಂಪನ್ನು ಮೊದಲು ತೆಗೆಯಬೇಕು, ಹಾಕುವಾಗ ಕೊನೆಗೆ ಹಾಕಬೇಕು. ಇದರೊಂದಿಗೆ ಜನರೇಟರಿನ ಫ್ಯೂಸು ಮತ್ತು ಅರ್ತಿಂಗ್ ತಂತಿಯನ್ನೂ ನೋಡಿ.

ಎಂಜಿನ್ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ, ಬಿಚ್ಚಲು ಹೊರಡುವ ಮುನ್ನ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಇವು ದೋಷಗಳಲ್ಲ, ರಕ್ಷಣೆಗೆಂದೇ ಮಾಡಿರುವ ಏರ್ಪಾಡುಗಳು. ಗಾಡಿಯ ಟ್ಯಾಂಕಿನಿಂದಲೇ ಇಂಧನ ಎಳೆದುಕೊಳ್ಳುವ ಜನರೇಟರಿನ ನಳಿಕೆಯನ್ನು ಟ್ಯಾಂಕಿನ ತಳದಿಂದ ಎತ್ತರದಲ್ಲಿ ಇಟ್ಟಿರುತ್ತಾರೆ. ಟ್ಯಾಂಕು ಕಾಲು ಭಾಗಕ್ಕೆ ಇಳಿದಾಗ ಜನರೇಟರ್ ನಿಲ್ಲುತ್ತದೆ, ಆದರೆ ಗಾಡಿ ಮುಂದಿನ ಬಂಕಿನವರೆಗೆ ಓಡಬಲ್ಲದು. ಎರಡನೆಯದು, ಆಯಿಲ್ ಕಡಿಮೆಯಾದರೆ ಎಂಜಿನ್ ಓಡದಂತೆ ತಡೆಯುವ ಆಯಿಲ್ ಸೆನ್ಸರ್. ದಾವಣಗೆರೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಂದು ಜೋಗಿಮಟ್ಟಿಯ ಕಡೆಗೆ ಹೋಗುವ ಏರಿನಲ್ಲಿ ಗಾಡಿ ನಿಲ್ಲಿಸಿದರೆ ಆಯಿಲ್ ಒಂದು ಬದಿಗೆ ಸರಿದು, ಮಟ್ಟ ಸರಿಯಿದ್ದರೂ ಸೆನ್ಸರ್ ಎಂಜಿನ್ನನ್ನು ತಡೆಯಬಹುದು. ಸಮತಟ್ಟಾದ ಜಾಗಕ್ಕೆ ಗಾಡಿ ತಂದು, ಡಿಪ್‌ಸ್ಟಿಕ್ ಒರೆಸಿ ನೋಡಿ. ಎ.ಸಿ., ಗೀಸರ್‌ಗಳ ಬ್ರೇಕರನ್ನು ಇಳಿಸಿಡಿ. ಲೋಡ್ ಹಾಕಿಕೊಂಡು ಸ್ಟಾರ್ಟ್ ಮಾಡುವುದು ಎಂಜಿನ್ನಿಗೆ ಕಷ್ಟ. ಎತ್ತರದ ಊರುಗಳಲ್ಲಿ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರನ್ನು ಹೊಂದಿಸಬೇಕೆಂದು ಕೈಪಿಡಿಗಳಲ್ಲಿ ಬರೆದಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದ ಚಿತ್ರದುರ್ಗದಲ್ಲಿ ಅದರ ಗೊಡವೆ ಬೇಡ.

ಇಷ್ಟಾದರೂ ಸ್ಟಾರ್ಟ್ ಆಗದ ಪೆಟ್ರೋಲ್ ಜನರೇಟರಿನಲ್ಲಿ, ನನ್ನ ಅನುಭವದ ಮಟ್ಟಿಗೆ, ಹೆಚ್ಚಿನ ತೊಂದರೆ ತಿಂಗಳುಗಟ್ಟಲೆ ನಿಂತ ಪೆಟ್ರೋಲಿನದು. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರಿಕೊಳ್ಳುತ್ತದೆ, ಹಗುರ ಅಂಶ ಆರಿಹೋದ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸೂಜಿಮೊನೆಯಷ್ಟು ಸಣ್ಣ ರಂಧ್ರದ ಜೆಟ್ಟನ್ನು ಮುಚ್ಚುತ್ತದೆ. ಎಂಜಿನ್ ತಣ್ಣಗಾದ ಮೇಲೆ ಕಾರ್ಬ್ಯುರೇಟರ್ ಬಟ್ಟಲಿನ ತಳದ ಸ್ಕ್ರೂ ಸಡಿಲಿಸಿ, ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಗೆ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಬಣ್ಣ ಕಡುವಾಗಿ, ವಾರ್ನಿಶ್‌ನಂತೆ ಘಾಟು ಹೊಡೆದರೆ ಹಳೆಯದು. ತಳದಲ್ಲಿ ನೀರಿನ ಮಣಿಗಳು ಉರುಳಾಡಿದರೆ ನೀರು ಸೇರಿದೆ. ಟ್ಯಾಂಕು ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಬೇಕು. ಆಗಲೂ ಸ್ಟಾರ್ಟ್ ಆಗದಿದ್ದರೆ ಜೆಟ್ ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು ತೊಳೆಯಬೇಕು. ಡೀಸೆಲ್ ಜನರೇಟರ್ ಆಗಿದ್ದರೆ, ಟ್ಯಾಂಕು ಪೂರ್ತಿ ಬರಿದಾದ ನಂತರ ಪೈಪಿನಲ್ಲಿ ಏರ್ ಹಿಡಿದಿರುವುದುಂಟು. ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಗಳಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ ಮತ್ತೆ ಬಿಗಿಯಿರಿ.

ಪೆಟ್ರೋಲ್ ಜನರೇಟರಿನ ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಅದರ ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ: ಒರೆಸಿ, ಹತ್ತು ನಿಮಿಷ ಆರಲು ಬಿಟ್ಟು, ಚೋಕ್ ಇಲ್ಲದೆ ಪ್ರಯತ್ನಿಸಿ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಕಪ್ಪು ಮಸಿ ಕಟ್ಟಿದ್ದರೆ ಏರ್ ಫಿಲ್ಟರ್ ತೆರೆದು ನೋಡಿ. ನಮ್ಮ ಬಯಲಿನ ಕೆಂಧೂಳು ಅದನ್ನು ಬೇಗ ಕಟ್ಟಿಬಿಡುತ್ತದೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಅಂತರ ಹೆಚ್ಚಿನ ಸಣ್ಣ ಎಂಜಿನ್ನುಗಳಲ್ಲಿ 0.7ರಿಂದ 0.8 ಮಿ.ಮೀ. ಇರಬೇಕು. ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಚೆಲ್ಲಿದ ಪೆಟ್ರೋಲ್ ಪೂರ್ತಿ ಆರಿದ ನಂತರ, ಪ್ಲಗ್ಗಿನ ರಂಧ್ರದಿಂದ ದೂರದಲ್ಲಿ ಮಾತ್ರ ಮಾಡಬೇಕು.

ಜನರೇಟರ್ ಓಡುವಾಗ ಹೊಗೆ ನಳಿಕೆಯ ಬದಿಯ ಕಿಟಕಿ ಮುಚ್ಚಿರಲಿ, ಜನರೇಟರನ್ನು ಶೆಡ್ಡಿನೊಳಗೆ ಎಂದೂ ಓಡಿಸಬೇಡಿ; ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ಅದರ ಸುಳಿವು ಹತ್ತುವುದಿಲ್ಲ. ಇಂಧನ, ಕಿಡಿ, ಗಾಳಿ ಮೂರೂ ಸರಿಯಿದ್ದು ಎಂಜಿನ್ ಸ್ಟಾರ್ಟ್ ಆಗದಿದ್ದರೆ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಥವಾ ಕಂಟ್ರೋಲ್ ಬೋರ್ಡಿನ ದೋಷವಿರಬಹುದು. ಸ್ವಿಚ್ಚಿನ ದೀಪ ದೋಷದ ಸಂಕೇತವಾಗಿ ಎಷ್ಟು ಸಲ ಮಿನುಗಿ ನಿಲ್ಲುತ್ತದೆಂದು ಎಣಿಸಿ ಬರೆದುಕೊಂಡು ಮೆಕ್ಯಾನಿಕ್‌ಗೆ ತಿಳಿಸಿ.