ಕೆಜಿಎಫ್ ಸಮಾಧಿ ದಾಖಲೆಗಳಲ್ಲಿ ಮುತ್ತಾತ ಸಿಕ್ಕಿದ್ದು ಹೀಗೆ: ನನ್ನ ಅನುಭವ

ಅಜ್ಜಿಯ ಅಪ್ಪನ ಸಮಾಧಿ ದಾಖಲೆ ಹುಡುಕುತ್ತೇನೆ ಅಂದಾಗ ಸೋದರಮಾವ ಒಂದೇ ಮಾತು ಹೇಳಿದ್ದರು: "ಸುಮ್ನೆ ದುಡ್ಡು ದಂಡ ಕಣೋ. ಮಣ್ಣಾಗಿ ನೂರು ವರ್ಷ ಆಯ್ತು." ಕಳೆದ ತಿಂಗಳು ಆ ಪುಟವನ್ನು ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ "ನಂಗೊಂದು ಕಾಪಿ ಇರ್ಲಿ" ಅಂದರು. ಅಷ್ಟು ಸಾಕಾಯಿತು ನನಗೆ.

ಫ್ಯಾಮಿಲಿಸರ್ಚ್, ಫೈಂಡ್‌ಮೈಪಾಸ್ಟ್, ಫಿಬಿಸ್ ಥರದ, ಮನೆತನದ ಹಳೇ ದಾಖಲೆ ಹುಡುಕುವ ವೆಬ್‌ಸೈಟ್‌ಗಳನ್ನು ಬಳಸಿ ಗೊತ್ತಿರುವವರಿಗೇ ಇದನ್ನು ಬರೆಯುತ್ತಿದ್ದೇನೆ. ಖಾತೆ ತೆರೆಯೋದು, ಹುಡುಕೋದು ಹೇಗೆ ಅನ್ನೋದನ್ನೆಲ್ಲ ಬಿಟ್ಟಿದ್ದೇನೆ.

ನಮ್ಮ ಕೈಲಿದ್ದದ್ದು ಬಹಳ ಕಡಿಮೆ. ಅಜ್ಜಿಯ ಅಪ್ಪ ಆಂಗ್ಲೋ ಇಂಡಿಯನ್. ಕೆಜಿಎಫ್ ಗಣಿಯಲ್ಲಿ ಫಿಟ್ಟರ್. ಅಜ್ಜಿ ಮಗುವಾಗಿದ್ದಾಗಲೇ ಗಣಿಯೊಳಗೆ ಬಂಡೆ ಸಿಡಿದು ಸತ್ತರು ಅಂತ ಮನೆಯಲ್ಲಿ ಮಾತು. ಹೆಸರು ಕೇಳಿದರೆ ಅಜ್ಜಿ "ಪೆಂಗಳ್ಳಿ" ಅನ್ನುತ್ತಿದ್ದಳು. ಹಳ್ಳಿ ಅಂತ ಕೊನೆಯಾದರೆ ನಾವು ಏನಂದುಕೊಳ್ಳುತ್ತೇವೆ? ಊರು ಅಂತ ಅಲ್ವಾ? ಬಂಗಾರಪೇಟೆ, ಮುಳಬಾಗಿಲು ಕಡೆಯ ಹಳ್ಳಿಗಳ ಪಟ್ಟಿ ಜಾಲಾಡಿ ಹೆಚ್ಚುಕಡಿಮೆ ಎರಡು ವರ್ಷ ಕಳೆದೆ. ಅಂಥ ಊರೇ ಇಲ್ಲ.

ದಾರಿ ಸಿಕ್ಕಿದ್ದು ಗಣಿಯ ಇತಿಹಾಸ ಓದುವಾಗ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯಿಂದ ಗಣಿ ಕೆಲಸ ಬಲ್ಲವರು ತುಂಬಾ ಜನ ಬಂದರು. ಅವರ ಸರ್‌ನೇಮ್‌ಗಳು ಟ್ರೆ, ಪೋಲ್, ಪೆನ್ ಅಂತ ಶುರುವಾಗೋದು ಜಾಸ್ತಿ. ಪೆನ್! ಆ ರಾತ್ರಿ ನಿದ್ದೆ ಬರಲಿಲ್ಲ. ಪೆಂಗೆಲಿ ಅನ್ನೋ ಹೆಸರು ಅಜ್ಜಿಯ ಬಾಯಲ್ಲಿ ಪೆಂಗಳ್ಳಿ ಆಗಿತ್ತು.

ಇನ್ನೇನು ಸಿಕ್ಕೇಬಿಟ್ಟಿತು ಅಂದುಕೊಂಡು ಫೈಂಡ್‌ಮೈಪಾಸ್ಟ್‌ಗೆ ಒಂದು ವರ್ಷದ ಚಂದಾ ಕಟ್ಟಿದೆ. ಹದಿನಾಲ್ಕು ಸಾವಿರದ ಹತ್ತಿರ ಹೋಯಿತು. ತಪ್ಪು ನನ್ನದೇ, ಏನೂ ತಯಾರಿ ಇರಲಿಲ್ಲ. ಮೈಸೂರು ಅಂತ ಹಾಕಿದೆ, ಕೋಲಾರ ಅಂತ ಹಾಕಿದೆ, ಏನೂ ಇಲ್ಲ. ಆಮೇಲೆ ಒಬ್ಬ ಏಜೆಂಟ್ "ಚರ್ಚ್ ರಿಜಿಸ್ಟರ್ ತೆಗೆಸಿಕೊಡ್ತೀನಿ" ಅಂತ ಎಂಟು ಸಾವಿರ ತೆಗೆದುಕೊಂಡ. ನಾಲ್ಕು ತಿಂಗಳಾದ ಮೇಲೆ ಒಂದು ಮಸುಕು ಫೋಟೋ ಕಳಿಸಿದ. ಅದು ಮದುವೆ ರಿಜಿಸ್ಟರು, ಅದೂ ಬೇರೆ ಯಾರದ್ದೋ.

ಅಷ್ಟಾದ ಮೇಲೆ ಬುದ್ಧಿ ಬಂತು. ಪುಕ್ಕಟೆ ಸಿಗುವ ಸೂಚಿಯಲ್ಲಿ, ಅಂದರೆ ದಾಖಲೆಗಳ ಹೆಸರುಪಟ್ಟಿಯಲ್ಲಿ, ಮೊದಲು ಪೂರ್ತಿ ಕೆಲಸ ಮುಗಿಸಬೇಕು, ದುಡ್ಡು ಕಟ್ಟೋದು ಕೊನೆಗೆ. ಫ್ಯಾಮಿಲಿಸರ್ಚ್‌ನಲ್ಲಿ 'ಇಂಡಿಯಾ ಡೆತ್ಸ್ ಅಂಡ್ ಬರಿಯಲ್ಸ್, 1719-1948' ಅಂತ ಒಂದು ಸಂಗ್ರಹ ಇದೆಯಲ್ಲ, ಅಲ್ಲಿ ಕೂತೆ. ನಮ್ಮ ಕಡೆಯವರು ಎಡವೋದು ಇಲ್ಲೇ. ಮೈಸೂರು ಸಂಸ್ಥಾನದ ಚರ್ಚುಗಳ ರಿಜಿಸ್ಟರಿನ ಪ್ರತಿಗಳು ಮದ್ರಾಸ್ ಲೆಕ್ಕಕ್ಕೆ ಸೇರಿ ಲಂಡನ್ನಿಗೆ ಹೋದವು. ಅದಕ್ಕೇ ಸೂಚಿಯಲ್ಲಿ "ಬೆಂಗಳೂರು, ಮದ್ರಾಸ್, ಇಂಡಿಯಾ" ಅಂತ ಬರುತ್ತೆ. ಕೋಲಾರದ ಹೆಸರಲ್ಲಿ ಹುಡುಕಿದ್ದು ದಂಡ. ಊರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಅಂತ ಕೆಜಿಎಫ್ ಒಳಗಿನ ಜಾಗಗಳ ಹೆಸರು ಒಂದೊಂದೇ ಹಾಕಬೇಕು. ಊರಿಗಾಂ ಅನ್ನೋದನ್ನು ಇಂಗ್ಲಿಷಿನಲ್ಲಿ ಶುರುವಿಗೆ ಎರಡು ಓ ಹಾಕಿ, ಕೊನೆಗೆ ಎ-ಯು-ಎಂ ಅಂತ ಬರೆದಿರುತ್ತಾರೆ.

ಎರಡನೆಯದು, ಸರ್‌ನೇಮ್ ನಂಬಬಾರದು. ಹಳೇ ಕೈಬರಹದ ಪಿ ಅಕ್ಷರ ಓದುವವರಿಗೆ ಟಿ ಥರ ಕಾಣುತ್ತೆ, ಎಫ್ ಥರ ಕಾಣುತ್ತೆ. ಸರ್‌ನೇಮ್ ಜಾಗ ಖಾಲಿ ಬಿಟ್ಟೆ. ಸ್ಥಳ ಹಾಕಿದೆ, 1915ರಿಂದ 1925 ಹಾಕಿದೆ, ಬಂದ ಗಂಡಸರ ಹೆಸರನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದೆ. ಒಂದು ಅರವತ್ತು, ಅರವತ್ತೈದು ಹೆಸರು ಆದವು. ಅದನ್ನು ಎಂಟಕ್ಕೆ ಇಳಿಸಿದ ಉಪಾಯ ಒಂದಿದೆ, ಅದನ್ನು ಸದ್ಯಕ್ಕೆ ಹೇಳಲ್ಲ. ಇನ್ನೂ ಎರಡು ಮನೆತನಗಳ ಹುಡುಕಾಟ ನಡೀತಿದೆ, ಅದು ಮುಗಿಯಲಿ.

ಪಟ್ಟಿ ಕೈಲಿಟ್ಟುಕೊಂಡು ಫೈಂಡ್‌ಮೈಪಾಸ್ಟ್‌ಗೆ ಮತ್ತೆ ಒಂದೇ ಒಂದು ತಿಂಗಳ ಚಂದಾ ಕಟ್ಟಿದೆ. ಸಾವಿರದ ಐನೂರರ ಆಸುಪಾಸು. ಎಂಟೂ ಪುಟಗಳ ಚಿತ್ರ ತೆರೆದೆ. ಆರನೆಯದು ಸೂಚಿಯಲ್ಲಿ 'ಟೆಂಗೆಲ್' ಅಂತ ಇತ್ತು. ಚಿತ್ರ ದೊಡ್ಡದು ಮಾಡಿ ನೋಡಿದರೆ ಪಿ ಅಕ್ಷರದ ಹೊಟ್ಟೆ ಸಣ್ಣದಾಗಿ, ಬಾಗಿದ ಗೆರೆಯ ಥರ ಇದೆ. ಕೊನೆಯ ವೈ ಅಕ್ಷರದ ಬಾಲ ಕೆಳಗಿನ ಸಾಲಿಗೆ ಇಳಿದಿದೆ. ಪೆಂಗೆಲಿ. ಫಿಟ್ಟರ್. ವಯಸ್ಸು 46. ಸತ್ತದ್ದು 1921ರ ಆಗಸ್ಟ್, ಹೂಳಿದ್ದು ಸತ್ತ ಮಾರನೇ ದಿನ. ಸಾವಿಗೆ ಕಾರಣ ಅನ್ನೋ ಕಡೆ 'ಥೈಸಿಸ್'. ಅಂದರೆ ಕ್ಷಯ. ಬಂಡೆ ಸಿಡಿದದ್ದಲ್ಲ. ಗಣಿಯ ಕಲ್ಲುಧೂಳು ಎಳೆದುಕೊಂಡ ಶ್ವಾಸಕೋಶಕ್ಕೆ ಕ್ಷಯ ಬೇಗ ಹತ್ತುತ್ತಿತ್ತು.

ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದಕ್ಕೇ ನೋಡು, ಯಾರು ಕೆಮ್ಮಿದ್ರೂ ನಮ್ಮಮ್ಮ ಅವರ ಲೋಟ ಬೇರೆ ಇಡ್ತಿದ್ಲು" ಅಂದರು.

ಮಧ್ಯದಲ್ಲಿ ಒಂದು ಬೇರೆ ಪ್ರಯೋಗವೂ ಆಯಿತು. ಬೆಂಗಳೂರಿನಿಂದ ಮಾರಿಕುಪ್ಪಂ ರೈಲು ಹಿಡಿದು ಮೂರು ಸಲ ಸ್ಮಶಾನಕ್ಕೆ ಹೋಗಿ ಬಂದೆ. ಅಳಿಸಿಹೋದ ಕಲ್ಲಿನ ಅಕ್ಷರಕ್ಕೆ ಹಿಟ್ಟು, ಸೀಮೆಸುಣ್ಣ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ, ಕಲ್ಲು ಹಾಳಾಗುತ್ತೆ. ನಾನು ಮನೆಯಿಂದ ಶೇವಿಂಗ್ ಕನ್ನಡಿ ಒಯ್ದಿದ್ದೆ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕಲ್ಲಿನ ಪಕ್ಕದಿಂದ ಓರೆಯಾಗಿ ಬಿಟ್ಟರೆ, ಬರಿಗಣ್ಣಿಗೆ ಕಾಣದ ಅಕ್ಷರ ನೆರಳಿನಲ್ಲಿ ಎದ್ದು ನಿಲ್ಲುತ್ತೆ. ಹಾಗೆ ಒಂದು ಹನ್ನೆರಡು ಕಲ್ಲು ಓದಿದೆ. ಮುತ್ತಾತನ ಕಲ್ಲು ಸಿಗಲಿಲ್ಲ. ಆ ಸಾಲಿನಲ್ಲಿ ಲಂಟಾನ ಎದೆಯುದ್ದ ಬೆಳೆದಿದೆ. ಬೇಸಿಗೆಯಲ್ಲಿ ಕುಡುಗೋಲು ಹಿಡಿದು ಮತ್ತೆ ಹೋಗುತ್ತೇನೆ. ಕೈಬರಹ ಓದುವ ಎಐಗೂ ಆ ಪುಟ ಕೊಟ್ಟು ನೋಡಿದೆ. ಥೈಸಿಸ್ ಅನ್ನೋದನ್ನು ಥಾಮಸ್ ಅಂತ ಓದಿತು. ಅಂಥ ಕಡೆ ಕಣ್ಣೇ ಬೇಕು.

ಎಲ್ಲ ಸೇರಿ ಖರ್ಚು ಇಪ್ಪತ್ತೇಳು, ಇಪ್ಪತ್ತೆಂಟು ಸಾವಿರ. ಮೊದಲೇ ಗೊತ್ತಿದ್ದರೆ ಮೂರು ಸಾವಿರದೊಳಗೆ ಮುಗಿಯುತ್ತಿತ್ತು.

ಈಗ ಮುತ್ತಜ್ಜಿಯನ್ನು ಹುಡುಕುತ್ತಿದ್ದೇನೆ. 1921ರ ನಂತರ ಪೆಂಗೆಲಿ ಹೆಸರಲ್ಲಿ ಆಕೆಯ ಸಾವಿನ ದಾಖಲೆ ಎಲ್ಲೂ ಇಲ್ಲ. ಆ ಕಾಲದಲ್ಲಿ ಗಂಡ ಸತ್ತ ಒಂದೆರಡು ವರ್ಷಕ್ಕೇ ಮರುಮದುವೆ ಆಗೋದು ಆಂಗ್ಲೋ ಇಂಡಿಯನ್ನರಲ್ಲಿ ಸಾಮಾನ್ಯ. ಹಾಗಾಗಿ ಸಮಾಧಿ ಪುಟ ಬಿಟ್ಟು, 1922ರಿಂದ ಮದುವೆ ಪುಟಗಳಲ್ಲಿ 'ವಿಡೋ' (ವಿಧವೆ) ಅಂತ ಬರೆದ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದೇನೆ. ಬೆಂಗಳೂರಿನದ್ದು ಮುಗಿಯಿತು. ಜೋಲಾರ್‌ಪೇಟೆ ಶುರು ಮಾಡಿದ್ದೇನೆ.